ಅತ್ತೆ ತಪ್ಪಿಸಿಕೊಂಡ ಬುಧವಾರ

ಕನ್ಯೆ ನೋಡುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಹುಮನಾಬಾದಿನ ನಮ್ಮ ಓಣಿಯಲ್ಲಿ ಯಾರ ಮನೆಯ ಹುಡುಗ ಮದುವೆಗೆ ಬಂದರೂ ಹೆಣ್ಣು ನೋಡಲು ಮೊದಲ ಕರೆ ಅವಳಿಗೇ ಬರುತ್ತಿತ್ತು. ಅವಳು ಇದ್ದಷ್ಟು ದಿನ ಎದುರಿಗೆ ‘ರಿ’ ಹಚ್ಚದೆ ಒಂದು ಮಾತು ಆಡಿದವಳಲ್ಲ ನಾನು. ಕಾಗದದ ಮೇಲೂ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ, ಓದುವವರು ಕ್ಷಮಿಸಬೇಕು.

ನನ್ನನ್ನೂ ನೋಡಿದವಳು ಅವಳೇ. ತೊಂಬತ್ತರ ದಶಕದ ಆರಂಭ, ನಿರ್ಣಾದ ನಮ್ಮ ತವರುಮನೆ, ನನಗೆ ಹತ್ತೊಂಬತ್ತು. ಗಂಡಸರು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತ ಮಳೆ ಬೆಳೆ ಮಾತಾಡುತ್ತಿದ್ದರು. ಅವಳು ಒಳಗೆ ಬಂದು ನನ್ನನ್ನು ಬೆಳಕು ಬೀಳುವ ಬಾಗಿಲ ಹತ್ತಿರ ನಿಲ್ಲಿಸಿದಳು. ತನ್ನ ಸೆರಗಿನ ತುದಿಯನ್ನು ನೀರಿನ ತಂಬಿಗೆಯಲ್ಲಿ ಅದ್ದಿ ನನ್ನ ಹಣೆ, ಕೆನ್ನೆ, ಗದ್ದ ತಿಕ್ಕಿ ಒರೆಸಿದಳು. ಪೌಡರ್ ಹೋಗಿ ಒಳಗಿನ ಬಣ್ಣ ಕಾಣಬೇಕಲ್ಲ. ಕೂದಲು ಸ್ವಂತದ್ದೋ ಚೌರಿಯೋ ಎಂದು ಜಡೆ ಬಿಚ್ಚಿಸಿದಳು. ಬಾಯಿ ತೆರೆಸಿದಳು. ಸೂಜಿಗೆ ದಾರ ಪೋಣಿಸಲು ಹೇಳಿದಳು. ಎಲ್ಲ ಮುಗಿದ ಮೇಲೆ ನನ್ನವ್ವನ ಕಡೆ ತಿರುಗಿ, ನನಗೂ ಕೇಳಿಸುವಂತೆಯೇ ಹೇಳಿದಳು:

“ಬಣ್ಣ ಕಮ್ಮಿ ಅದ. ಹಲ್ಲು ಬರೋಬ್ಬರಿ ಅವ. ನಡೀತದ, ಮನಿ ಕೆಲಸಕ್ಕ ಬರ್ತಾಳ.”

ಸಂತೆಯಲ್ಲಿ ಎಮ್ಮೆ ಹಿಡಿಯುವವರೂ ಎಮ್ಮೆಯ ಎದುರಿಗೆ ಇಷ್ಟು ಜೋರಾಗಿ ಮಾತಾಡುವುದಿಲ್ಲ. ನನ್ನವ್ವ ಮಾತ್ರ ಸಂತೋಷದಿಂದ ಕೈಮುಗಿದಳು. ಹಾಗೆ ಕೈಮುಗಿದದ್ದಕ್ಕೆ ಅವ್ವನನ್ನು ಬಹಳ ವರ್ಷ ನಾನು ಕ್ಷಮಿಸಲಿಲ್ಲ. ಅತ್ತೆಯನ್ನು ಕ್ಷಮಿಸುವ ಗೊಡವೆಗಂತೂ ಹೋಗಲೇ ಇಲ್ಲ.

ಮದುವೆಯಾದ ನಾಲ್ಕೈದು ವರ್ಷಕ್ಕೆ ಅವಳ ಎಡಗಣ್ಣಿಗೆ ಪೊರೆ ಬಂತು. ಶಿಬಿರದಲ್ಲಿ ಆಪರೇಶನ್ ಆಯಿತು. ಕೈ ಹಚ್ಚಬೇಡಿ ಎಂದು ಎಷ್ಟು ಹೇಳಿ ಕಳಿಸಿದ್ದರೂ ಮೂರನೆಯ ದಿನವೇ ಪಟ್ಟಿ ಬಿಚ್ಚಿ, ತಂಪಾಗಲೆಂದು ಜೇನುತುಪ್ಪ ಬಿಟ್ಟುಕೊಂಡಳು. ಕೀವಾಗಿ ಆ ಕಣ್ಣು ಹೋಯಿತು. ಉಳಿದದ್ದು ಬಲಗಣ್ಣು ಒಂದೇ. ಆ ಒಂದೇ ಕಣ್ಣಿನಲ್ಲಿ ಅವಳು ಮೊದಲಿಗಿಂತ ಹೆಚ್ಚು ನೋಡತೊಡಗಿದಳು. ರೊಟ್ಟಿಯ ಅಂಚು ಕಪ್ಪಾದದ್ದು, ಬ್ಯಾಳಿಯಲ್ಲಿ ಉಳಿದ ಒಂದು ಹರಳು, ನನ್ನ ಸೆರಗು ಅರ್ಧ ಗೇಣು ಸರಿದದ್ದು, ಯಾವುದೂ ತಪ್ಪುತ್ತಿರಲಿಲ್ಲ. ಕನ್ಯೆ ನೋಡುವುದನ್ನೂ ಬಿಡಲಿಲ್ಲ. ಎಷ್ಟು ಮನೆಯ ಹುಡುಗಿಯರು ಅವಳ ಒದ್ದೆ ಸೆರಗಿನ ಕೆಳಗೆ ನಿಂತು, ಬೇಡವೆನಿಸಿಕೊಂಡು, ಒಳಗೆ ಹೋಗಿ ಅತ್ತರೋ ದೇವರಿಗೇ ಗೊತ್ತು. ಎಷ್ಟೋ ಸಲ ನಾನೇ ಅವಳ ಜೊತೆ ಹೋಗಿ ತಂಬಿಗೆ ಹಿಡಿದಿದ್ದೇನೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಒಂದು ಮುಂಜಾನೆ ಚಹಾ ಕೊಡಲು ಬಗ್ಗಿದೆ. ಅವಳು ನನ್ನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ ಗಾಬರಿಯಾದಳು.

“ನಿನ್ನ ಮಾರಿ ಎಲ್ಲಿ ಹೋತು? ಕಿವಿ ಕಾಣ್ತಾವ, ಬೆಂಡೋಲಿ ಕಾಣ್ತಾವ. ನಡುವ ಮಾರಿನೇ ಇಲ್ಲ!”

ನನ್ನ ಗಂಡ ಮತ್ತು ಮೈದುನ ಇಬ್ಬರೂ ಪಾತ್ರೆ ಮಾರುವ ಭಾಂಡಿ ಅಂಗಡಿ ಬಿಟ್ಟು ಬರುವವರಲ್ಲ. ಆದ್ದರಿಂದ ಅವಳನ್ನು ಸೋಲಾಪುರಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗಿನ ಬಸ್ಸು ಹಿಡಿದು ಉಮರ್ಗಾ, ನಳದುರ್ಗ ದಾಟಿ ಹೋಗುವಷ್ಟರಲ್ಲಿ ಅವಳು ಮೂರು ಸಲ ನನ್ನ ತವರಿನವರನ್ನು ಬೈದು ಮುಗಿಸಿದ್ದಳು.

ಅಲ್ಲಿಯ ಡಾಕ್ಟರು ನಿಧಾನಕ್ಕೆ ತಿಳಿಸಿ ಹೇಳಿದರು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದೆ. ಅಲ್ಲಿಂದ ರಕ್ತ ವಾಪಸು ಒಯ್ಯುವ ನಾಳ ಕಟ್ಟಿಕೊಂಡಿದೆ. ಗಟಾರ ಕಟ್ಟಿದರೆ ನೀರು ಅಂಗಳಕ್ಕೆ ಬರುವ ಹಾಗೆ, ಮುಂದೆ ಹೋಗಲಾಗದ್ದು ಅಲ್ಲೇ ಒಸರಿ ನೋಟದ ನಟ್ಟನಡುವಿನ ಜಾಗ ಊದಿದೆ. ಅದಕ್ಕೇ ಅಂಚು ಕಾಣುತ್ತದೆ, ನಡು ಕಾಣುವುದಿಲ್ಲ. ಊತ ಇಳಿಸಲು ಕಣ್ಣಿನೊಳಗೇ ಸೂಜಿ ಹಾಕಬೇಕು. ತಿಂಗಳಿಗೊಂದರಂತೆ ಮೊದಲು ಮೂರು, ಆಮೇಲೆ ಪರೀಕ್ಷೆ ಮಾಡಿ ಮುಂದಿನದು. ನಡುವೆ ಬಿಟ್ಟರೆ ಊತ ತಿರುಗಿ ಬರುತ್ತದೆ, ಬಹಳ ದಿನ ಹಾಗೇ ನಿಂತರೆ ಆ ಜಾಗ ಸತ್ತೇ ಹೋಗುತ್ತದೆ.

“ಇವರಿಗೆ ಇರುವುದು ಇದೊಂದೇ ಕಣ್ಣು, ನೆನಪಿರಲಿ,” ಎಂದು ಹಿಂದಿಯಲ್ಲಿ ನನಗೆ ಹೇಳಿದರು. ಅವಳಿಗೆ ಹೇಳಲಿಲ್ಲ, ನನಗೆ ಹೇಳಿದರು. ಕರೆದುಕೊಂಡು ಬರುವವಳು ನಾನಲ್ಲವೇ.

ಆ ಔಷಧಿ ಮೂಲದಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಬಂದದ್ದು. ಒಂದು ಬಾಟಲಿ ತೆರೆದರೆ ಹಲವರ ಕಣ್ಣಿಗೆ ಆಗುತ್ತಿತ್ತು. ಹಾಗಾಗಿ ತಿಂಗಳಿಗೆ ಒಂದು ಬುಧವಾರ ಗೊತ್ತು ಮಾಡಿ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಿದ್ದರು. ಆ ಬುಧವಾರ ತಪ್ಪಿದರೆ ಮುಂದಿನ ತಿಂಗಳವರೆಗೆ ಕಾಯಬೇಕು.

ಮೊದಲನೆಯ ಬುಧವಾರ ಅವಳು ಒಳಗೆ ಹೋಗಿ ಇಡೀ ಆಸ್ಪತ್ರೆ ಕೇಳುವಂತೆ ಗದ್ದಲ ಮಾಡಿದ್ದರಿಂದ ನನಗೂ ಟೋಪಿ, ಮುಖಕ್ಕೆ ಬಟ್ಟೆ ಹಾಕಿಸಿ ಒಳಗೆ ಕರೆದರು. ಕಣ್ಣು ಜೋಮು ಹಿಡಿಯುವ ಹನಿ ಹಾಕಿ, ಕಂದು ಬಣ್ಣದ ಔಷಧಿಯಿಂದ ರೆಪ್ಪೆ ತೊಳೆದು, ನಡುವೆ ತೂತಿದ್ದ ಹಸಿರು ಬಟ್ಟೆ ಹೊದಿಸಿದ್ದರು. ರೆಪ್ಪೆ ಮುಚ್ಚದ ಹಾಗೆ ಒಂದು ತಂತಿ ಸಿಕ್ಕಿಸಿದ್ದರು. ಅಷ್ಟು ವರ್ಷ ನಮ್ಮನ್ನೆಲ್ಲ ಕಾಯ್ದ ಕಣ್ಣು ಮುಚ್ಚಿಕೊಳ್ಳಲಾಗದೆ ಮೇಲೆ ನೋಡುತ್ತಿತ್ತು.

“ಕಣ್ಣಾಗ ಸೂಜಿ ಚುಚ್ಚಾಕತ್ತಾರ, ನೀ ನಿಂತು ನೋಡಾಕತ್ತಿ!” ಎಂದು ಚೀರಿದಳು.

“ನೋಡಾಕ ಕರದಾರ್ರಿ ಅತ್ತಿ, ಅದಕ್ಕ ನೋಡಾಕತ್ತೇನಿ,” ಎಂದೆ.

ಬಿಳಿಗುಡ್ಡೆಯ ಅಂಚಿಗೆ ಸಣ್ಣ ಸೂಜಿ ಹೋಯಿತು, ಬಂತು. ಒಂದು ಚಣದ ಕೆಲಸ. ಅವಳು ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಹಿಡಿದಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಹಿತವಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಸೂಜಿ ಬಿದ್ದ ಕಡೆ ರಕ್ತ ಹರಡಿ ಕಣ್ಣು ಒಂದು ವಾರ ಕೆಂಪಗಿತ್ತು. ಅಷ್ಟೂ ದಿನ ಅವಳು ಹೊರಗೆ ಕಾಲಿಡಲಿಲ್ಲ, ಮಾಣಿಕನಗರದ ಆರತಿಗೂ ಹೋಗಲಿಲ್ಲ. ಕಣ್ಣಿನ ಸುದ್ದಿ ಓಣಿಯವರ ಬಾಯಿಗೆ ಬೀಳಬಾರದೆಂದು ನಮಗೆಲ್ಲ ಆಣೆ ಹಾಕಿಸಿದ್ದಳು. ಎರಡನೆಯ ಸೂಜಿಯಾಗಿ ಹತ್ತು ಹನ್ನೆರಡು ದಿನಕ್ಕೆ, ರೊಟ್ಟಿ ಬಡಿಸುತ್ತಿದ್ದಾಗ ಅವಳು ತಟ್ಟನೆ ತಲೆ ಎತ್ತಿದಳು. ನನ್ನ ಮುಖ ಕಂಡಿತ್ತು. ಎರಡು ತಿಂಗಳ ನಂತರ ಮೊದಲ ಸಲ.

“ಅಯ್ಯ, ಎಷ್ಟ್ ಕರ್ರಗಾಗಿ ಹೋಗಿದ್ದಿ!” ಎಂದಳು.

ಅವಳನ್ನು ಆಸ್ಪತ್ರೆಗೆ ಒಯ್ಯಲು ನಾನು ಎರಡು ದಿನದ ಅಡುಗೆ ಕೆಲಸ ಒಂದೇ ದಿನ ಮಾಡಿಡುತ್ತಿದ್ದೆ. ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅವಳ ತಲೆಗೆ ಕೊಡೆ ಹಿಡಿದು ನಾನು ಹೊರಗೆ ನಿಲ್ಲುತ್ತಿದ್ದೆ. ಆ ಮಾತು ಕೇಳಿದ ಮೇಲೆ ಊಟ ಸೇರಲಿಲ್ಲ. ಇವಳ ಕಣ್ಣು ಹೋದರೆ ಹೋಗಲಿ ಎಂದು ಅವತ್ತು ಮನಸ್ಸಿನಲ್ಲಿ ಅಂದುಕೊಂಡೆ.

ಮೂರನೆಯ ಬುಧವಾರ ಹತ್ತಿರ ಬಂತು. ಅದರ ಮರುದಿನ ಗುರುವಾರ, ಮೈದುನನಿಗೆ ಬಸವಕಲ್ಯಾಣದಲ್ಲಿ ಕನ್ಯೆ ನೋಡುವ ದಿನ ಗೊತ್ತಾಗಿತ್ತು. ಅತ್ತೆ ಸೂಜಿ ಬೇಡವೆಂದಳು.

“ಕೆಂಪು ಕಣ್ಣು ಹಾಕ್ಕೊಂಡು ಕನ್ಯಾ ನೋಡಾಕ ಹೋಗ್ಲೇನು? ಕಣ್ಣಿಲ್ಲದಾಕಿ ಬಂದಾಳ ಅಂತ ಬೀಗರು ನಗಬೇಕೇನು? ಮುಂದಿನ ತಿಂಗಳ ನೋಡೋಣ. ಈಗ ಎಲ್ಲಾ ಬರೋಬ್ಬರಿ ಕಾಣ್ತದ.”

ಕಾಣುತ್ತಿರಲಿಲ್ಲ. ಮನೆಯಲ್ಲಿ ದಿನಾ ನೋಡಿಕೊಳ್ಳಲೆಂದು ಆಸ್ಪತ್ರೆಯವರು ಚೌಕುಳಿ ಗೆರೆಗಳ ಒಂದು ಕಾಗದ ಕೊಟ್ಟಿದ್ದರು. ಗೆರೆ ಸೊಟ್ಟ ಕಂಡರೆ ಊತ ತಿರುಗಿ ಬಂದಿದೆ ಎಂದರ್ಥ. ಅವಳು ಅದನ್ನು ಹಿಡಿದು ನೆಟ್ಟಗಿವೆ ನೆಟ್ಟಗಿವೆ ಎನ್ನುತ್ತಿದ್ದಳು. ಆದರೆ ಆ ವಾರ ಎರಡು ಸಲ ಚಹಾ ಬಟ್ಟಲಿನ ಪಕ್ಕಕ್ಕೆ ಕೈ ಹಾಕಿದ್ದಳು. ಮೈದುನನನ್ನು ನನ್ನ ಗಂಡನ ಹೆಸರಿನಿಂದ ಕರೆದಿದ್ದಳು. ನನಗೆ ಎಲ್ಲ ಗೊತ್ತಾಗಿತ್ತು. ಗಂಡನಿಗೆ ಒಂದು ಮಾತು ಹೇಳಿದ್ದರೆ ಕನ್ಯೆ ನೋಡುವುದನ್ನು ಹದಿನೈದು ದಿನ ಮುಂದೆ ಹಾಕುತ್ತಿದ್ದರು. ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ.

“ನಿಮ್ಮ ಮರ್ಜಿ ರಿ ಅತ್ತಿ,” ಎಂದೆ. ಸೊಸೆಯಾದವಳು ಆಡಬಹುದಾದ ಅತಿ ಕ್ರೂರವಾದ ಮಾತು ಅದೇ.

ಬಸವಕಲ್ಯಾಣದಲ್ಲಿ ಆ ಹುಡುಗಿಯ ಮನೆ ಕೋಟೆಯ ಕಡೆಯ ಓಣಿಯಲ್ಲಿತ್ತು. ಅವಳ ಅಪ್ಪನಿಗೆ ಲಾರಿ ದುರಸ್ತಿಯ ಗ್ಯಾರೇಜು. ನಮ್ಮ ಕಡೆಯ ರೂಢಿಯಂತೆ ಗಂಡಸರು ಹೊರಗೆ ಕೂತರು, ಒಳಗೆ ನೋಡಲು ಅತ್ತೆ ಮತ್ತು ನಾನು. ಹುಡುಗಿ ಬಂದು ಅತ್ತೆಯ ಎದುರು ಕೂತು ಮುಖ ಎತ್ತಿದಳು. ಮೇಲ್ತುಟಿಯ ನಡುವಿನಿಂದ ಮೂಗಿನವರೆಗೆ ಹೊಲಿಗೆಯ ಗುರುತು. ಹುಟ್ಟುವಾಗಲೇ ಸೀಳಿದ್ದ ತುಟಿಯನ್ನು ಚಿಕ್ಕಂದಿನಲ್ಲಿ ಯಾರೋ ಹೊಲಿದಿದ್ದರು, ಒಂದು ಕಡೆ ಎಳೆದುಕೊಂಡಿತ್ತು. ಅವಳು ಅದನ್ನು ಸೆರಗಿನಿಂದ ಮುಚ್ಚಲಿಲ್ಲ, ಪೌಡರ್ ಬಳಿದಿರಲಿಲ್ಲ. ನೋಡುವುದಿದ್ದರೆ ನೋಡಿ ಎಂಬ ಹಾಗೆ ಕೂತಿದ್ದಳು. ಹಿಂದೆ ನಿಂತಿದ್ದ ಅವಳ ಅವ್ವ ಮಾತ್ರ ನಮ್ಮಿಬ್ಬರ ಮುಖಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದಳು. ಎಷ್ಟು ಜನ ಬಂದು ಅವಲಕ್ಕಿ ತಿಂದು ಎದ್ದು ಹೋಗಿದ್ದರೋ.

ಅತ್ತೆ ಈ ಸಲ ಸೆರಗು ಒದ್ದೆ ಮಾಡಲಿಲ್ಲ. ತಂಬಿಗೆಗೆ ಕೈ ಹಾಕಿ ತಪ್ಪಿದರೆ ಗುಟ್ಟು ರಟ್ಟಾಗುತ್ತದೆಂಬ ಅಂಜಿಕೆ. ಹುಡುಗಿಯ ಅಂಗೈ ಹಿಡಿದು ಸವರಿದಳು, ನಡೆಸಿ ನೋಡಿದಳು, ಉದ್ದ ಕೂದಲು ಹೊಗಳಿದಳು, ಸೀರೆಯ ದಡಿ ಹೊಗಳಿದಳು. ಅಂಚಿನಲ್ಲಿದ್ದದ್ದೆಲ್ಲ ಅವಳಿಗೆ ಕಂಡಿತು. ಆಮೇಲೆ ಆ ಮುಖದ ಕಡೆಗೇ ತನ್ನ ಒಂದು ಕಣ್ಣು ನೆಟ್ಟು ನಕ್ಕಳು.

“ಪೋರಿ ಲಕ್ಷಣ ಅದಾಳ. ನಮಗ ಪಸಂದ್ ಅದ.”

ಹುಡುಗಿಯ ಅವ್ವ ಬಾಗಿಲಿಗೆ ಒರಗಿ ಅತ್ತುಬಿಟ್ಟಳು. ಹುಡುಗಿ ಅಳಲಿಲ್ಲ, ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ವಾಪಸು ಬರುವಾಗ ಜೀಪಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು: “ನಿನಗ ಹ್ಯಾಂಗ ಅನಿಸ್ತು?” ಅಷ್ಟು ವರ್ಷದಲ್ಲಿ ಅವಳು ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ ಸಲ. ನನ್ನಿಂದ ಏನೋ ತಿಳಿಯಬೇಕಾಗಿತ್ತು ಅವಳಿಗೆ.

“ನೀವು ನೋಡಿದ ಮ್ಯಾಲ ನಾ ನೋಡೋದೇನ್ರಿ,” ಎಂದೆ.

ಬೀಗರು ಮೊದಲೇ ಕಳಿಸಿದ್ದ ಫೋಟೋದಲ್ಲಿ ಹುಡುಗಿಯನ್ನು ಸ್ಟುಡಿಯೋದವನು ಒಂದು ಪಕ್ಕಕ್ಕೆ ತಿರುಗಿಸಿ ಕೂರಿಸಿದ್ದ. ಅವ್ವ ನೋಡಿ ಒಪ್ಪಿದ್ದಾಳೆಂದು ಮೈದುನ ಹೂಂ ಅಂದ. ಮದುವೆಯ ಗಡಿಬಿಡಿಯಲ್ಲಿ ಇನ್ನೊಂದು ಬುಧವಾರವೂ ಹೋಯಿತು. ನಾನು ನೆನಪಿಸಲಿಲ್ಲ.

ಮದುವೆಯ ದಿನ ಅಂತರಪಟ ಸರಿದಾಗ ಮೈದುನನ ಕೈಯಲ್ಲಿದ್ದ ಮಾಲೆ ನಿಂತಲ್ಲೇ ನಿಂತಿತು. ಹಿಂದಿನಿಂದ ಯಾರೋ ತಳ್ಳಿದ ಮೇಲೆ ಹಾಕಿದ. ಊಟದ ಹೊತ್ತಿಗೆ, ಹುಲಸೂರಿನಿಂದ ಬಂದಿದ್ದ ಅತ್ತೆಯ ನಾದಿನಿ ಎಲ್ಲರ ಎದುರಿಗೆ, ಮದುಮಗಳ ಎದುರಿಗೇ, ಬಾಯಿ ಬಿಟ್ಟಳು.

“ಏನವ್ವಾ ವೈನಿ, ಮಂದಿ ಮಕ್ಕಳನ್ನ ತಿಕ್ಕಿ ತೊಳದು ನೋಡಾಕಿ ನೀ. ನಿನ್ನ ಮಗನಿಗೆ ಹೊಲಿದ ತುಟಿ ಹುಡುಕಿ ತಂದಿಯಲ್ಲಾ?”

ಪಂಕ್ತಿಯಲ್ಲಿದ್ದವರೆಲ್ಲ ಅತ್ತೆಯ ಕಡೆ ತಿರುಗಿದರು. ಅವಳ ಕಣ್ಣು ಹೊಸ ಸೊಸೆಯ ಮುಖದ ಮೇಲೆ ತಡಕಾಡಿತು. ಅವಳಿಗೆ ಏನೂ ಕಾಣಲಿಲ್ಲವೆಂದು ನನಗೆ ಗೊತ್ತು. ಆದರೆ ಏನಾಗಿದೆ ಎಂದು ಅವಳಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು. ನೋಡಲಿಲ್ಲ ಎಂದರೆ ಕುರುಡಿ ಎಂದಾಗುತ್ತದೆ. ಆ ಹೆಮ್ಮೆಯವಳು ಅದನ್ನು ಒಪ್ಪುವುದುಂಟೇ?

“ತುಟಿ ತಗೊಂಡು ಏನ್ ಮಾಡ್ತಿ? ನಾ ತುಟಿ ನೋಡೀನಿ, ಗುಣಾನೂ ನೋಡೀನಿ. ನನಗ ಗುಣ ಬೇಕಾಗಿತ್ತು,” ಎಂದಳು ಗಟ್ಟಿಯಾಗಿ.

ಜನ ತಲೆದೂಗಿದರು. ಜೀವಮಾನದಲ್ಲಿ ಅವಳ ಬಾಯಿಂದ ಬಂದ ಒಂದೇ ಒಳ್ಳೆಯ ಮಾತು, ಅದೂ ಸುಳ್ಳು. ತಲೆ ತಗ್ಗಿಸಿ ಕೂತಿದ್ದ ಹುಡುಗಿ ತಲೆ ಎತ್ತಿ ಅತ್ತೆಯನ್ನು ನೋಡಿದ ರೀತಿಯನ್ನು ನೆನೆಯಲು ಇವತ್ತಿಗೂ ನನ್ನಿಂದಾಗುವುದಿಲ್ಲ.

ಆ ಸಂಜೆ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು.

“ನೀ ನೋಡಿದ್ದಿ. ಯಾಕ ಹೇಳ್ಲಿಲ್ಲ?”

“ನೀವ ನೋಡಾಕತ್ತಿದ್ರಲ್ರಿ ಅತ್ತಿ. ನಾ ಮನಿ ಕೆಲಸಕ್ಕ ಬಂದಾಕಿ.”

ಅವಳ ಕೈ ಎದ್ದಿತು, ನನ್ನ ಕೆನ್ನೆ ಎಲ್ಲಿದೆ ತಿಳಿಯದೆ ಗಾಳಿಯಲ್ಲಿ ನಿಂತಿತು. ಹದಿನೈದು ವರ್ಷ ಕಾದು ಪಡೆದ ಸುಖ ಅದು. ಒಂದು ವಾರವೂ ಬಾಳಲಿಲ್ಲ. ಏಕೆಂದರೆ ಏಟು ಬಿದ್ದದ್ದು ಅತ್ತೆಗಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಎಲ್ಲ ಆ ಹುಡುಗಿಗೇ ಬಿತ್ತು. ಮೈದುನ ಅವಳ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಗೆಳೆಯರ ಮನೆಗೆ ಅವಳನ್ನು ಕರೆದೊಯ್ಯುತ್ತಿರಲಿಲ್ಲ. ‘ಅವ್ವ ಒಪ್ಪ್ಯಾಳ, ನಾ ಏನ್ ಮಾಡ್ಲಿ’ ಎಂದು ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದ. ಆ ಮನೆಯಲ್ಲಿ ಅವಳಿಗೆ ಆಸರೆ ಎಂದರೆ ಅತ್ತೆ ಪಂಕ್ತಿಯಲ್ಲಿ ಆಡಿದ ಆ ಒಂದು ಮಾತು.

ಅತ್ತೆ ಗೋಡೆ ಹಿಡಿದು ನಡೆಯುವುದನ್ನು ಕಂಡು ಮೊದಲು ಕೇಳಿದವಳೂ ಅವಳೇ. ಕಣ್ಣು ಯಾವಾಗಿನಿಂದ ಹೀಗಾಯಿತೆಂದರೆ ಅತ್ತೆ, “ನಿಮ್ಮ ಮದುವಿ ಗದ್ದಲದಾಗ ಸೂಜಿ ತಪ್ಪಿತು, ಆಮ್ಯಾಲ,” ಎಂದಳು. ಹುಡುಗಿ ಅದನ್ನು ನಂಬಿದಳು.

“ನನ್ನ ಸಲುವಾಗಿ ಅತ್ತಿ ಕಣ್ಣು ಕೆಡಿಸ್ಕೊಂಡಾರಕ್ಕಾ,” ಎಂದು ನನ್ನೆದುರು ಅತ್ತಳು. “ಇನ್ನ ಮ್ಯಾಲ ನಾ ಕರಕೊಂಡು ಹೋಗ್ತೇನಿ. ಒಂದು ಬುಧವಾರನೂ ತಪ್ಪಸಂಗಿಲ್ಲ.”

ಒಂದೂ ತಪ್ಪಿಸಲಿಲ್ಲ. ಬುತ್ತಿ ಕಟ್ಟಿಕೊಂಡು, ಅತ್ತೆಯ ಕೈ ಹಿಡಿದು ಸೋಲಾಪುರದ ಬಸ್ಸು ಹತ್ತುತ್ತಿದ್ದಳು. ತಡವಾಗಿದೆ, ಮೊದಲಿನಷ್ಟು ನೋಟ ಬರಲಿಕ್ಕಿಲ್ಲ, ಆದರೂ ಬಿಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರಂತೆ. ಅವಳು ಬೆಳಿಗ್ಗೆ ಎದ್ದ ಕೂಡಲೇ ಚಹಾ ತಂದು ಅತ್ತೆಯ ಮುಂದೆ ಮೊಳಕಾಲೂರಿ, ತನ್ನ ಮುಖವನ್ನು ಗೇಣು ದೂರಕ್ಕೆ ತಂದು ಕೇಳುತ್ತಿದ್ದಳು: “ಇವತ್ತ ಎಷ್ಟ್ ಕಾಣ್ತದ್ರಿ ಅತ್ತಿ?”

ತಿರುಗಿ ಶುರು ಮಾಡಿದ ಮೊದಲ ಸೂಜಿಯ ನಂತರ ಹಣೆ ಕಂಡಿತು. ಎರಡನೆಯದರ ನಂತರ ಕುಂಕುಮ, ಹುಬ್ಬು. ಒಂದು ದಿನ ಮೂಗುಬಟ್ಟು ಮಿಂಚಿತೆಂದು ಅತ್ತೆ ಹೇಳಿದಾಗ ಹುಡುಗಿ ಚಿಕ್ಕ ಮಗುವಿನಂತೆ ಚಪ್ಪಾಳೆ ತಟ್ಟಿದಳು. ನಾನು ಬಾಗಿಲ ಮರೆಯಲ್ಲಿ ನಿಂತು ಲೆಕ್ಕ ಹಾಕಿದೆ. ಮೂಗಿನ ಕೆಳಗೆ ಇನ್ನೇನಿದೆ? ಆ ಕಣ್ಣು ಸರಿಹೋದಷ್ಟೂ ಈ ಹುಡುಗಿಗಿದ್ದ ಒಂದೇ ಆಸರೆ ಕುಸಿಯುತ್ತದೆ. ಅವಳೇ ಕೈಯಾರೆ ಬಸ್ ಹತ್ತಿಸಿ, ಸೂಜಿ ಹಾಕಿಸಿ ಕುಸಿಸಿಕೊಳ್ಳುತ್ತಿದ್ದಾಳೆ. ಮೊದಲೇ ಕೂರಿಸಿಕೊಂಡು ಹೇಳಿಬಿಡೋಣ ಎಂದು ಎರಡು ಸಲ ಅವಳ ಕೋಣೆಯ ತನಕ ಹೋದೆ. ಹೇಳಿದರೆ ನನ್ನ ಪಾಲೂ ಹೇಳಬೇಕಲ್ಲ. ವಾಪಸು ಬಂದೆ.

ಮೂರನೆಯ ಸೂಜಿಯಾಗಿ ಎರಡು ವಾರ. ಹುಡುಗಿ ಎಂದಿನಂತೆ ಮೊಳಕಾಲೂರಿ ಕೂತಳು. ಕಿಟಕಿಯ ಬೆಳಕು ನೇರ ಅವಳ ಮುಖದ ಮೇಲಿತ್ತು. ಅತ್ತೆ ನೋಡಿದಳು, ಇನ್ನೂ ಹತ್ತಿರ ಬಗ್ಗಿ ನೋಡಿದಳು. ತುಟಿಯ ಸಂಗತಿ ಗೊತ್ತಿತ್ತು ಅವಳಿಗೆ. ಆದರೆ ಕೇಳಿ ತಿಳಿಯುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ತಾನು ಆಡಿದ್ದ ಸುಳ್ಳು ಅವಳಿಗೆ ಮರೆತೇ ಹೋಯಿತು. ಬೆರಳು ತಾನಾಗಿ ಹೋಗಿ ಆ ಹೊಲಿಗೆಯ ಮೇಲೆ ಕೂತಿತು.

“ಅಯ್ಯ ಶಿವನೇ! ಇಷ್ಟ್ ದೊಡ್ಡದ ಅದ ಏನು ಇದು?”

ಹುಡುಗಿಯ ಕೈಯಲ್ಲಿ ಬಟ್ಟಲು ಹಾಗೇ ಇತ್ತು.

“ಮೊದಲ ನೋಡಿದ್ದಿಲ್ಲೇನ್ರಿ ಅತ್ತಿ?” ಎಂದು ಕೇಳಿದಳು.

ಅತ್ತೆ ಬೆರಳು ಹಿಂದೆಗೆದುಕೊಂಡಳು. ಅತ್ತಿತ್ತ ನೋಡಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಕೈ ಮಾಡಿದಳು.

“ನನಗ ಕಣ್ಣಿದ್ದಿಲ್ಲವ್ವಾ. ಆಕಿನ್ನ ಕೇಳು. ಆಕಿ ನನ್ನ ಬಾಜೂಕ ಕೂತಿದ್ದಳು.”

ಹುಡುಗಿ ಚಹಾದ ಬಟ್ಟಲನ್ನು ಅತ್ತೆಯ ಕೈಗೆ ಸರಿಯಾಗಿ ಹಿಡಿಸಿ ಎದ್ದಳು. ನನ್ನ ಹತ್ತಿರ ಬಂದು, ಅವತ್ತು ಅತ್ತೆಯ ಎದುರು ಕೂತು ಮುಖ ಎತ್ತಿದ ಹಾಗೆಯೇ ಮುಖ ಎತ್ತಿ ನಿಂತಳು. ನಾನು ನೆಲ ನೋಡಿದೆ. ಒದ್ದೆ ಸೆರಗು, ಬಿಚ್ಚಿದ ಜಡೆ, ಕೈಮುಗಿದ ಅವ್ವ, ಎಲ್ಲ ನಾಲಿಗೆಯ ತುದಿಯ ತನಕ ಬಂದವು. ಅದರಲ್ಲಿ ಯಾವುದೂ ಇವಳು ನನಗೆ ಮಾಡಿದ್ದಲ್ಲ. ಅವಳು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು.

ಮುಂದಿನ ಬುಧವಾರ ನಾನು ನಸುಕಿನಲ್ಲೇ ಎದ್ದು, ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಹೊರಟೆ. ಇನ್ನು ಅವಳಿಗೆ ಅತ್ತೆಯ ಋಣವೇನಿದೆ, ಹೋಗುವುದಿಲ್ಲ ಎಂದುಕೊಂಡಿದ್ದೆ. ಹೊರಗೆ ಬಂದರೆ ಅವಳು ಆಗಲೇ ಅತ್ತೆಯ ಕಾಲಿಗೆ ಚಪ್ಪಲಿ ಮೆಟ್ಟಿಸುತ್ತಿದ್ದಳು.

“ನೀ ಇರು, ಇವತ್ತ ನಾ ಕರಕೊಂಡು ಹೋಗ್ತೇನಿ,” ಎಂದೆ.

ಅವಳು ಎದ್ದು ಅತ್ತೆಯ ಕೈ ಹಿಡಿದಳು. “ಬ್ಯಾಡ್ರಿ,” ಎಂದಳು, ಮೊದಲಿನಂತೆ ಅಕ್ಕಾ ಅನ್ನಲಿಲ್ಲ. “ಇವರಿಗೆ ಇರೋದು ಒಂದ ಕಣ್ಣು. ನಿಮ್ಮ ಕೈಯಾಗ ಕೊಡಂಗಿಲ್ಲ.”